ಮಿಣುಕುವ ದೀಪ

ಕಚೇರಿಯ ಮೇಜಿನ ಮೇಲೆ ಕಡತಗಳ ನಡುವೆ ಕುಳಿತಿರುವ ಟೆಲಿಫೋನನ್ನು ನಾವು ಕಿವಿಯಿಂದ ಬಲ್ಲೆವೇ ಹೊರತು ಕಣ್ಣಿನಿಂದ ಬಲ್ಲವರಲ್ಲ. ಗಂಟೆ ಬಾರಿಸಿದರೆ ಎತ್ತುತ್ತೇವೆ; ಮಾತು ಮುಗಿದರೆ ಇಡುತ್ತೇವೆ. ಅದರ ಗುಂಡಿಗಳ, ಪುಟ್ಟ ದೀಪಗಳ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ.

ಆದರೆ ಆ ಗುಂಡಿಗಳ ಹಿಂದೆ ಬಹಳ ಚಿಂತನೆ ನಡೆದಿದೆ. ಬೆರಳು ತೂರಿಸಿ ತಿರುಗಿಸುವ ಚಕ್ರದ ಬದಲು ಗುಂಡಿಗಳನ್ನು ಇಡಬೇಕೆಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಹೊರಟಾಗ, ಹತ್ತು ಅಂಕಿಗಳನ್ನು ಜೋಡಿಸುವ ಬಗೆ ಯಾವುದೆಂಬುದೇ ಪ್ರಶ್ನೆಯಾಯಿತು. ಹಲವು ವಿನ್ಯಾಸಗಳನ್ನು ಜನರ ಕೈಗೆ ಕೊಟ್ಟು, ಅವರ ವೇಗವನ್ನೂ ತಪ್ಪುಗಳನ್ನೂ ಎಣಿಸಿದರು. ಡೈನಿಂಜರ್ ಎಂಬುವರು 1960ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿದರು. ಲೆಕ್ಕದ ಯಂತ್ರದಲ್ಲಿ ಮೇಲಿನ ಸಾಲು 7, 8, 9. ಟೆಲಿಫೋನಿನಲ್ಲಿ 1, 2, 3 ಮೇಲೆ ಬಂದವು. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್ ಊರುಗಳ ಜನರಿಗೆ ಈ ಉಪಕರಣ ಮೊದಲು ದೊರೆಯಿತು. ಒಂದೊಂದು ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. 5ನ್ನು ಒತ್ತಿದರೆ ಸೆಕೆಂಡಿಗೆ 770 ಮತ್ತು 1336 ಕಂಪನಗಳ ಸ್ವರಗಳು. ಇಂದಿನ ಉಪಕರಣಗಳಲ್ಲಿ ಅದೇ 5ರ ಮೇಲೆ ಸಣ್ಣದೊಂದು ಉಬ್ಬು ಇರುತ್ತದೆ, ಕಣ್ಣು ಕಾಣದವರ ಬೆರಳಿಗೂ ದಾರಿ ತೋರಲೆಂದು.

ಹಲವು ತಂತಿಗಳು ಬಂದು ಸೇರುವ ಕಚೇರಿಗಳಿಗಾಗಿ ಗುಂಡಿಯೊಳಗೇ ದೀಪವಿರುವ ಉಪಕರಣಗಳು ಹುಟ್ಟಿದವು. ಕರೆ ಬರುವಾಗ ದೀಪ ಹತ್ತಿ ಆರುತ್ತದೆ. ಮಾತು ನಡೆದಿರುವಾಗ ಸ್ಥಿರವಾಗಿ ಉರಿಯುತ್ತದೆ. ‘ಹೋಲ್ಡ್’ ಗುಂಡಿಯನ್ನೊತ್ತಿ ಯಾರನ್ನಾದರೂ ಕಾಯಿಸಿದರೆ ಬೇರೊಂದು ಲಯದಲ್ಲಿ ಮಿಣುಕತೊಡಗುತ್ತದೆ. ಕಾಯುವವರ ದನಿ ನಮಗೆ ಕೇಳದು, ನಮ್ಮ ದನಿ ಅವರಿಗೆ ಕೇಳದು. ಅವರು ಇದ್ದಾರೆಂಬುದಕ್ಕೆ ಆ ದೀಪವೊಂದೇ ಸಾಕ್ಷಿ.

1990ರ ದಶಕದ ಒಂದು ಸಂಜೆ ನಾನು ಆ ಸಾಕ್ಷಿಯನ್ನು ಅಲಕ್ಷಿಸಿದೆ. ಹಳ್ಳಿಯ ಕಡೆಯ ಹಿರಿಯರೊಬ್ಬರು ತಮ್ಮ ಪಿಂಚಣಿಯ ಕಾಗದ ಏನಾಯಿತೆಂದು ವಿಚಾರಿಸಿದರು. “ಒಂದು ನಿಮಿಷ ಇರಿ ಯಜಮಾನರೇ, ನೋಡಿ ಹೇಳುತ್ತೇನೆ” ಎಂದು ಗುಂಡಿಯನ್ನೊತ್ತಿ ಕಡತ ಹುಡುಕಲು ಎದ್ದೆ. ಅಷ್ಟರಲ್ಲಿ ಮೇಲಧಿಕಾರಿಗಳ ಕರೆ ಬಂತು; ಅಲ್ಲಿ ಮಾತು ಬೆಳೆಯಿತು; ಕಾಫಿಯೂ ಆಯಿತು. ಹಿಂತಿರುಗಿದಾಗ ದೀಪ ಇನ್ನೂ ಮಿಣುಕುತ್ತಿತ್ತು. ಎದೆ ಧಸಕ್ಕೆಂದಿತು. ಗಾಬರಿಯಿಂದ ಎತ್ತಿಕೊಂಡೆ.

“ಇದ್ದೀನಿ ಸ್ವಾಮಿ” ಎಂದರು ಅವರು. ಬೈಗುಳವಿಲ್ಲ, ಬೇಸರವಿಲ್ಲ. “ಬೂತಿನಿಂದ ಮಾತಾಡ್ತಿದ್ದೀನಿ, ಸ್ವಲ್ಪ ಬೇಗ ಹೇಳಿ.”

ಎಸ್.ಟಿ.ಡಿ. ಬೂತಿನ ಆ ಗಾಜಿನ ಗೂಡುಗಳನ್ನು ಕಂಡವರಿಗೆ ಅಲ್ಲಿನ ಮೀಟರು ನೆನಪಿರಬೇಕು. ಕೆಂಪು ಅಂಕಿಗಳು ಕಣ್ಣೆದುರೇ ಏರುತ್ತಿದ್ದವು. ಮಾತಾಡಿದರೂ ಏರುತ್ತಿದ್ದವು, ಸುಮ್ಮನಿದ್ದರೂ ಏರುತ್ತಿದ್ದವು. ನನ್ನ ಮೇಜಿನ ಮೇಲೆ ದೀಪ ಮಿಣುಕಿದಷ್ಟು ಹೊತ್ತೂ ಅವರೆದುರು ಹಣದ ಲೆಕ್ಕ ಬೆಳೆಯುತ್ತಿತ್ತು. ಇನ್ನೂ ಬಾರದ ಪಿಂಚಣಿಗಾಗಿ ಅವರು ಕೈಯಲ್ಲಿದ್ದ ಕಾಸನ್ನು ನನ್ನ ಮರೆವಿಗೆ ತೆತ್ತಿದ್ದರು.

ಆ ಕಡತವನ್ನು ಮರುದಿನವೇ ಮೇಲಕ್ಕೆ ಕಳಿಸಿದೆ. ಅದು ಪ್ರಾಯಶ್ಚಿತ್ತವಲ್ಲ, ಎಂದೋ ಮಾಡಬೇಕಾಗಿದ್ದ ಕೆಲಸ. ಈಗ ಬೂತುಗಳು ಕಣ್ಮರೆಯಾಗಿವೆ, ಮೇಜಿನ ಟೆಲಿಫೋನಿಗೆ ಗಾಜಿನ ಪರದೆ ಬಂದಿದೆ. ಆದರೂ ಕಾಯುವವರಿಗಾಗಿ ಮಿಣುಕುವ ದೀಪ ಉಳಿದಿದೆ. ಅದನ್ನು ಕಂಡಾಗಲೆಲ್ಲ ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು, ಮೊದಲು ಅದಕ್ಕೆ ಉತ್ತರ ಕೊಡುತ್ತೇನೆ.