ಕಣ್ಣು ಕಂಡರೂ ಮನಸ್ಸು ಕಾಣದು

ಬಾದಾಮಿಯ ಮೂರನೆಯ ಗುಹಾಲಯವನ್ನು ನೋಡದೆ ಮರಳುವ ಪ್ರವಾಸಿಗರಿಲ್ಲ. ಕ್ರಿ.ಶ. 578ರ ಶಾಸನವೂ ಅಲ್ಲಿದೆ. ಆದರೆ ಆ ಗುಹೆಯನ್ನು ಕೊರೆದ ಬಂಡೆಯನ್ನು ನೋಡುವವರು ವಿರಳ. ಮೊದಲೆರಡು ಸಲ ನಾವೂ ನೋಡಿರಲಿಲ್ಲ. ಮೂರನೆಯ ಸಲ, ಭೂವಿಜ್ಞಾನ ಬಲ್ಲ ಸ್ನೇಹಿತರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ, "ಈ ಕಲ್ಲಿನ ಗೆರೆಗಳು ಮಟ್ಟವಾಗಿವೆಯೋ ಓರೆಯಾಗಿವೆಯೋ ಹೇಳಿರಿ" ಎಂದರು.

ದಪ್ಪ ಪದರಗಳು ಬಹುಮಟ್ಟಿಗೆ ಮಟ್ಟವಾಗಿಯೇ ಇದ್ದವು. ಒಂದೊಂದರ ಒಳಗೆ ಮಾತ್ರ ತೆಳುವಾದ ಗೆರೆಗಳು ಒಂದೇ ಕಡೆಗೆ ಓರೆಯಾಗಿ ಇಳಿದಿದ್ದವು. ಹರಿಯುವ ನೀರು ಮರಳನ್ನು ದಿಬ್ಬವಾಗಿ ಮುಂದೆ ತಳ್ಳುವಾಗ, ಮರಳು ದಿಬ್ಬದ ಮುಂಬದಿಯಲ್ಲಿ ಜಾರಿ ಬಿದ್ದು ಓರೆ ಪದರವಾಗುತ್ತದೆ. ಗೆರೆಗಳು ಇಳಿದ ದಿಕ್ಕೇ ಅಂದಿನ ಪ್ರವಾಹದ ದಿಕ್ಕು. ಕೋಟ್ಯಂತರ ವರ್ಷಗಳ ಹಿಂದೆ ಹರಿದುಹೋದ ನೀರಿನ ಹಾದಿಯನ್ನು ಈ ಕೆಂಪು ಮರಳುಗಲ್ಲಿನ ಮೇಲೆ ಓದಬಹುದು! ಈ ಸೀಮೆಯ ಶಿಲೆಗಳನ್ನು ವರ್ಣಿಸಿ 1876ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಮುಖ್ಯ ಉಪಕರಣವೂ ಇಂತಹ ನೋಟವೇ.

ಹಾಗಾದರೆ ನಮಗೆ ಮೊದಲೆರಡು ಸಲ ಅದೇಕೆ ಕಾಣಲಿಲ್ಲ?

ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿರಿ. ಕಣ್ಣು ಅತ್ಯಂತ ಸ್ಪಷ್ಟವಾಗಿ ಕಾಣಬಲ್ಲ ಕ್ಷೇತ್ರ ಸುಮಾರು ಅಷ್ಟೇ, ಎಂದರೆ ಎರಡು ಡಿಗ್ರಿಗಳಷ್ಟು ಅಗಲ. ಅದರಾಚೆಗೆ ನೋಟ ಕ್ರಮೇಣ ಮಸಕಾಗುತ್ತದೆ. ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿಯುವುದರಿಂದ ಈ ಮಸಕು ನಮ್ಮ ಅರಿವಿಗೆ ಬಾರದು. ಎಲ್ಲಿಗೆ ಜಿಗಿಯಬೇಕು, ಕಂಡುದರಲ್ಲಿ ಯಾವುದನ್ನು ಮನಸ್ಸಿಗೆ ತಂದುಕೊಳ್ಳಬೇಕು ಎಂಬ ಆಯ್ಕೆಗೆ ಮನಶ್ಶಾಸ್ತ್ರದಲ್ಲಿ ಅವಧಾನವೆಂದು ಹೆಸರು. (ಅಷ್ಟಾವಧಾನಿಗಳ ಅವಧಾನವೂ ಇದೇ ಪದ.)

ಅವಧಾನ ತಪ್ಪಿದರೆ ಎದುರಿಗಿರುವುದೂ ತಪ್ಪುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕುವಂತೆ 24 ಮಂದಿ ವಿಕಿರಣತಜ್ಞ ವೈದ್ಯರಿಗೆ ಹೇಳಲಾಯಿತು. ಕೆಲವು ಚಿತ್ರಗಳಲ್ಲಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಆಕೃತಿಯೊಂದನ್ನು ಸೇರಿಸಿದ್ದರು. 20 ಮಂದಿ ಅದನ್ನು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಅದರ ಮೇಲೆಯೇ ಹರಿದಿತ್ತು! ಅವರು ನುರಿತ ವೈದ್ಯರೇ. ಆದರೆ ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಗಂಟಿನದು. ಬಾದಾಮಿಯಲ್ಲಿ ನಮಗೆ ಕೊರತೆಯಾಗಿದ್ದುದೂ ಪ್ರಶ್ನೆಯೇ.

ಬಾಗಲಕೋಟೆಯ ವಿದ್ಯಾರ್ಥಿಯೊಬ್ಬನು ಒಂದು ಕಣ್ಣನ್ನು ಪುಸ್ತಕದ ಮೇಲೂ ಇನ್ನೊಂದನ್ನು ಮೊಬೈಲಿನ ಮೇಲೂ ಇಟ್ಟು, "ಎರಡೂ ಆಗುತ್ತದೆ ಸರ್" ಎಂದು ನಮ್ಮೊಡನೆ ವಾದಿಸಿದನು. ಅವನಿಗೆ ಒಂದು ಪರೀಕ್ಷೆ ಕೊಟ್ಟೆವು; ನೀವೂ ಮಾಡಬಹುದು. ಮೊದಲು 1ರಿಂದ 10ರವರೆಗೆ, ಬಳಿಕ ಕ ದಿಂದ ಞ ದವರೆಗೆ ಬರೆದು ಕಾಲವನ್ನು ಗುರುತಿಸಿರಿ. ಅನಂತರ 1ಕ, 2ಖ, 3ಗ ಎಂದು ಒಂದಾದ ಮೇಲೊಂದರಂತೆ ಬರೆಯಿರಿ. ಅಕ್ಷರಗಳು ಅವೇ, ಕಾಲ ಮಾತ್ರ ಹೆಚ್ಚು. ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ತಿರುಗುವಾಗಲೆಲ್ಲ ಈ ಸುಂಕವನ್ನು ತೆರಬೇಕು. ಹುಡುಗನು ಏಳನೆಯ ಅಕ್ಷರದಲ್ಲಿಯೇ ತಡವರಿಸಿದನು.

ಅವಧಾನದಿಂದಲೇ ಹೊಟ್ಟೆ ಹೊರೆಯುವವರನ್ನು ನೋಡಬೇಕಾದರೆ ಹುನಗುಂದದ ಎರೆಹೊಲಗಳನ್ನು ದಾಟಿ ಇಳಕಲ್ಲಿಗೆ ಹೋಗಬೇಕು. ಆ ಹೊಲಗಳ ಜೋಳದ ತೆನೆಯೇ ಇಳಕಲ್ ಸೀರೆಯ ಸೆರಗಿನಲ್ಲಿ ತೋಪುತೆನೆಯಾಗಿ ಮೂಡುತ್ತದೆ. ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೆ ಆ ಎಳೆ ಸಡಿಲಾಗಿ ನೇಯ್ಗೆ ಕೆಡುತ್ತದೆ. ಕೆಟ್ಟ ಸೀರೆಗೆ ಪೂರ್ತಿ ಬೆಲೆ ಬಾರದು.

ಕೊಂಡಿ ಹಾಕುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ನಮ್ಮೊಡನೆ ಮಾತನಾಡುತ್ತಲೇ ಇದ್ದರು. "ಇಷ್ಟು ಎಳೆಗಳನ್ನು ಹೇಗೆ ಎಣಿಸುವಿರಿ ಅಮ್ಮಾ?" ಎಂದು ಕೇಳಿದೆವು. "ಎಣಸೂದಿಲ್ರೀ, ತಪ್ಪಿದ್ರ ಬೆರಳಿಗೇ ಗೊತ್ತಾಗ್ತದ" ಎಂದರು. ಅಭ್ಯಾಸ ಬಲಿತ ಕೆಲಸ ಅವಧಾನವನ್ನು ಹೆಚ್ಚು ಬೇಡುವುದಿಲ್ಲ. ಉಳಿದ ಅವಧಾನ ದೋಷವನ್ನು ಕಾಯಲು ಒದಗುತ್ತದೆ.

ಆದರೆ ಕಾಯುವ ಕೆಲಸಕ್ಕೂ ಮಿತಿಯಿದೆ. ಗಡಿಯಾರದ ಮುಳ್ಳಿನಂಥ ಕಡ್ಡಿಯೊಂದು ಅಪರೂಪಕ್ಕೆ ಎರಡು ಹೆಜ್ಜೆ ಜಿಗಿಯುವುದನ್ನು ಗುರುತಿಸುವಂತೆ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಜನರನ್ನು ಕೂರಿಸಿದ್ದರು. ಮೊದಲ ಅರ್ಧ ಗಂಟೆಯ ಬಳಿಕ ತಪ್ಪುಗಳು ಹೆಚ್ಚಿದುದನ್ನು 1948ರಲ್ಲಿ ಪ್ರಕಟಿಸಿದರು. ಇಳಕಲ್ಲಿನ ಆ ತಾಯಿ ಮ್ಯಾಕ್‌ವರ್ತರ ಹೆಸರನ್ನು ಕೇಳಿದವರಲ್ಲ. ನಾವು ಅಲ್ಲಿದ್ದ ಒಂದು ತಾಸಿನಲ್ಲಿ ಅವರು ಎರಡು ಸಲ ಎದ್ದು ಹೋಗಿ ಕಣ್ಣಿಗೆ ನೀರು ತಟ್ಟಿಕೊಂಡು ಬಂದರು. ಎರಡು ಸಲವೂ ಕುಳಿತೊಡನೆ ಹೊಸ ಎಳೆಗೆ ಕೈ ಹಚ್ಚದೆ, ಹಾಕಿದ ಕೊಂಡಿಗಳ ಮೇಲೆ ಮೊದಲು ಬೆರಳಾಡಿಸಿದರು.