ಬಸ್ ನಿಲ್ದಾಣದ ಟೇಬಲ್: ಡೇಟಾ ಮಾದರಿಯ ಪಾಠದಲ್ಲಿ ಅಜೈಲ್ ಕ್ರಮ

ಕಂಪ್ಯೂಟರ್ ಸೈನ್ಸ್ ಬೋಧನಾ ವಿಧಾನವನ್ನು ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಯಲ್ಲಿ ಹೆಚ್ಚು ಹೆದರುವುದು ಪ್ರೋಗ್ರಾಮಿಂಗ್ ಪಾಠಕ್ಕಲ್ಲ, ಡೇಟಾಬೇಸ್ ಪಾಠಕ್ಕೆ. ಪ್ರೋಗ್ರಾಂ ತಪ್ಪಿದ್ದರೆ ಪರದೆಯೇ ಹೇಳುತ್ತದೆ. ಟೇಬಲ್ ಸರಿಯಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ಹಾಗಾಗಿ ಎಂಟಿಟಿ, ಆಟ್ರಿಬ್ಯೂಟ್, ಪ್ರೈಮರಿ ಕೀ ಎಂಬ ವ್ಯಾಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಪುಸ್ತಕದ ಚಿತ್ರವನ್ನು ನಕಲು ಮಾಡಿಸಿ ಪೀರಿಯಡ್ ಮುಗಿಸುವುದೇ ಹೆಚ್ಚು.

ನಾನು ವೀಕ್ಷಿಸಿದ ಒಂದು ಪಾಠ ಹಾಗಿರಲಿಲ್ಲ. ಪ್ರಶಿಕ್ಷಣಾರ್ಥಿಯೊಬ್ಬರು ದ್ವಿತೀಯ ಪಿಯುಸಿ ತರಗತಿಗೆ ಬಿಜೈಯ ಕೆಎಸ್ಆರ್‌ಟಿಸಿ ಬಸ್ ನಿಲ್ದಾಣವನ್ನೇ ಉದಾಹರಣೆಯಾಗಿ ತಂದಿದ್ದರು. ಹಲಗೆಯ ಮೇಲೆ ಒಂದೇ ಟೇಬಲ್: ಬಸ್ ಸಂಖ್ಯೆ, ಸಂಸ್ಥೆ, ಎಲ್ಲಿಂದ, ಎಲ್ಲಿಗೆ, ಹೊರಡುವ ಸಮಯ. ಬೆಂಗಳೂರು, ಮೈಸೂರು, ಧರ್ಮಸ್ಥಳ, ಕಾಸರಗೋಡು ಎಂದು ಮಕ್ಕಳು ಸಾಲು ತುಂಬಿಸುತ್ತಿದ್ದರು. ಮಂಜೇಶ್ವರದ ಕಡೆಯಿಂದ ದಿನಾ ಬರುವ ಹುಡುಗನೊಬ್ಬ ಎದ್ದು ನಿಂತ. "ಮಿಸ್, ನಾನು ಬರುವುದು ಕೇರಳದ ಬಸ್ಸಲ್ಲಿ. ಅದೂ ಕೆಎಸ್ಆರ್‌ಟಿಸಿಯೇ. ಸಂಸ್ಥೆ ಅಂತ ಇರುವಲ್ಲಿ ಏನು ಬರೆಯುವುದು?"

ಮಂಗಳೂರು–ಕಾಸರಗೋಡು ದಾರಿಯಲ್ಲಿ ಎರಡೂ ರಾಜ್ಯಗಳ ಬಸ್ಸು ಓಡುತ್ತವೆ. ಎರಡೂ ನಿಗಮಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಒಂದೇ. ಒಂದು ಹೆಸರು, ಎರಡು ವಸ್ತು. ಡೇಟಾ ಮಾದರಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರು ಒಮ್ಮೆ ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ನೋಡಿದರು. ಆಮೇಲೆ 'ಸಂಸ್ಥೆ' ಎಂಬ ಕಾಲಂ ಒರಸಿ, ತರಗತಿಯನ್ನು ಗುಂಪು ಮಾಡಿ, "ನೀವೇ ಸರಿಮಾಡಿ ತೋರಿಸಿ" ಅಂದರು. ಮೌಲ್ಯಮಾಪನದ ಹಂತಕ್ಕೆ ಬರುವ ಮೊದಲೇ ಗಂಟೆ ಹೊಡೆಯಿತು.

ವೀಕ್ಷಣಾ ಹಾಳೆಯಲ್ಲಿ 'ಯೋಜನೆಗೆ ಬದ್ಧತೆ' ಎಂಬ ಕಲಂ ಇತ್ತು. ಅಲ್ಲಿ ನಾನು ಎರಡು ಅಂಕ ಕಡಿದೆ. ಆ ಎರಡು ಅಂಕಗಳೇ ಈ ಲೇಖನಕ್ಕೆ ಕಾರಣ.

ಸಾಫ್ಟ್‌ವೇರ್ ಕ್ಷೇತ್ರ ಇದೇ ಪ್ರಶ್ನೆಯೊಂದಿಗೆ ಬಹಳ ವರ್ಷ ಗುದ್ದಾಡಿದೆ. 1970ರಲ್ಲಿ ಎಡ್ಗರ್ ಕಾಡ್ ಡೇಟಾವನ್ನು ಸಂಬಂಧಗಳಾಗಿ, ಅಂದರೆ ಟೇಬಲ್‌ಗಳಾಗಿ, ಇಡುವ ರಿಲೇಶನಲ್ ಮಾದರಿಯನ್ನು ಮಂಡಿಸಿದರು. ಅದೇ ವರ್ಷ ವಿನ್ಸ್ಟನ್ ರಾಯ್ಸ್ ಬರೆದ ಪ್ರಬಂಧದಲ್ಲಿ ಅಗತ್ಯ ತಿಳಿಯುವುದು, ವಿನ್ಯಾಸ, ಬರವಣಿಗೆ, ಪರೀಕ್ಷೆ ಎಂದು ಮೇಲಿನಿಂದ ಕೆಳಕ್ಕೆ ಇಳಿಯುವ ಹಂತಗಳ ಚಿತ್ರವಿತ್ತು. ಆ ಚಿತ್ರ 'ವಾಟರ್‌ಫಾಲ್' ಎಂದು ಹೆಸರಾಯಿತು. ತಮಾಷೆಯೆಂದರೆ, ಹಿಂದಿರುಗಿ ತಿದ್ದಲು ಅವಕಾಶವಿಲ್ಲದಿದ್ದರೆ ಈ ಕ್ರಮ ಅಪಾಯಕಾರಿ ಎಂದು ರಾಯ್ಸ್ ಅವರೇ ಅಲ್ಲಿ ಬರೆದಿದ್ದರು. ಜನ ಚಿತ್ರ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು.

2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಕ್ರಮ, ಸಾಧನಗಳಿಗಿಂತ ಜನ ಮತ್ತು ಅವರ ಮಾತುಕತೆ. ದೊಡ್ಡ ದಾಖಲೆಗಿಂತ ಓಡುವ ಸಾಫ್ಟ್‌ವೇರ್. ಕರಾರಿನ ಚೌಕಾಸಿಗಿಂತ ಗ್ರಾಹಕರ ಜೊತೆ ಕೆಲಸ. ಯೋಜನೆಯನ್ನು ಹಿಂಬಾಲಿಸುವುದಕ್ಕಿಂತ ಬದಲಾವಣೆಗೆ ಓಗೊಡುವುದು. ಯೋಜನೆ ಬೇಡ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಮೊದಲನೆಯದಕ್ಕೂ ಬೆಲೆಯಿದೆ, ಎರಡನೆಯದಕ್ಕೆ ಹೆಚ್ಚು ಬೆಲೆ ಎಂದರು. ಪಾಠ ಯೋಜನೆ ಬರೆಯದೆ ಬಂದು 'ಸರ್, ಇದು ಅಜೈಲ್' ಎನ್ನುವವರಿಗೆ ಈ ವಾಕ್ಯ ತೋರಿಸಬೇಕು.

ಆದರೆ ಡೇಟಾದ ವಿಷಯದಲ್ಲಿ ತಿದ್ದುವುದು ಅಷ್ಟು ಸುಲಭವಲ್ಲ. ಪ್ರೋಗ್ರಾಂ ಬದಲಿಸಿದರೆ ಹಳೆಯದನ್ನು ಎಸೆಯಬಹುದು. ಟೇಬಲ್ ಬದಲಿಸಿದರೆ ಅದರೊಳಗೆ ಈಗಾಗಲೇ ಕೂತಿರುವ ಲಕ್ಷ ಸಾಲುಗಳನ್ನು ಏನು ಮಾಡುವುದು? ಡೇಟಾ ಮಾದರಿ ಮಾತ್ರ ಮೊದಲೇ ಪೂರ್ತಿ ತಯಾರಾಗಲಿ ಎಂದು ಬಹಳ ಮಂದಿ ಹಟ ಹಿಡಿದದ್ದು ಇದಕ್ಕೇ. 2006ರಲ್ಲಿ ಸ್ಕಾಟ್ ಆ್ಯಂಬ್ಲರ್ ಮತ್ತು ಪ್ರಮೋದ್ ಸದಲಗೆ ಬರೆದ 'ರಿಫ್ಯಾಕ್ಟರಿಂಗ್ ಡೇಟಾಬೇಸಸ್' ಪುಸ್ತಕ ಇದಕ್ಕೊಂದು ದಾರಿ ತೋರಿಸಿತು: ಸಣ್ಣ ಸಣ್ಣ ಬದಲಾವಣೆ, ಒಮ್ಮೆಗೆ ಒಂದು. ಹೊಸ ಕಾಲಂ ಸೇರಿಸು, ಹಳೆಯದನ್ನು ಕೂಡಲೇ ಅಳಿಸಬೇಡ. ಸ್ವಲ್ಪ ಕಾಲ ಎರಡೂ ಇರಲಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡಲಿ. ಹಳೆಯದನ್ನು ಬಳಸುವ ಪ್ರೋಗ್ರಾಂಗಳೆಲ್ಲ ಹೊಸದಕ್ಕೆ ಬಂದ ಮೇಲೆ ಅದನ್ನು ತೆಗೆ.

ಇದನ್ನು ತರಗತಿಗೆ ತರಲು ನಮ್ಮ ಊರೇ ಸಾಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಕನ್ನಡದಲ್ಲಿ ನಾವು ಮೊದಲಿನಿಂದಲೂ ಮಂಗಳೂರು ಎಂದೇ ಬರೆಯುತ್ತಿದ್ದೆವು. ಬದಲಾದದ್ದು ಇಂಗ್ಲಿಷ್ ಕಾಗುಣಿತ. ಆದರೆ ಊರಿನ ಇಂಗ್ಲಿಷ್ ಹೆಸರನ್ನೇ ಕೀ ಮಾಡಿಕೊಂಡ ಟೇಬಲ್ ಇದ್ದರೆ, 'ಮ್ಯಾಂಗಲೋರ್' ಇರುವ ಪ್ರತಿ ಸಾಲನ್ನೂ ತಿದ್ದಬೇಕು. ಊರಿಗೊಂದು ಅರ್ಥವಿಲ್ಲದ ಸಂಖ್ಯೆ ಕೊಟ್ಟು, ಹೆಸರನ್ನು ಪ್ರತ್ಯೇಕ ಟೇಬಲಿನಲ್ಲಿ ಇಟ್ಟಿದ್ದರೆ ತಿದ್ದಬೇಕಾದದ್ದು ಒಂದೇ ಸಾಲು. ಬಿಜೈಯ ಇಂಗ್ಲಿಷ್ ಕಾಗುಣಿತವೂ ಒಂದು ಫಲಕದಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ ಎಂದು ಮಕ್ಕಳಿಗೆ ಗೊತ್ತು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾದದ್ದು ಇನ್ನೂ ಕಷ್ಟದ ಉದಾಹರಣೆ: ಕುಂದಾಪುರದ ಶಾಲೆಯೊಂದು 1995ರಲ್ಲಿ ಯಾವ ಜಿಲ್ಲೆಯಲ್ಲಿತ್ತು ಎಂಬ ಪ್ರಶ್ನೆಗೂ ಉತ್ತರ ಸಿಗಬೇಕಾದರೆ 'ಯಾವಾಗಿನಿಂದ, ಯಾವಾಗಿನವರೆಗೆ' ಎಂಬ ಕಾಲಂ ಬೇಕು. ಈ ಕಾಲಂ ಮೊದಲ ದಿನವೇ ಬೇಕೇ? ನನ್ನ ಮಟ್ಟಿಗೆ, ಬೇಡ. ಆ ಪ್ರಶ್ನೆ ಕೇಳುವವರು ಬಂದ ದಿನ ಸಾಕು. ಕೀ ಮಾತ್ರ ಮೊದಲ ದಿನವೇ ಯೋಚಿಸಿ ಇಡಬೇಕು. ಆಮೇಲೆ ಬದಲಿಸಲು ತುಂಬಾ ದುಬಾರಿ ಅದೊಂದು.

ಇನ್ನು ತಂಡದ ಸಂಸ್ಕೃತಿ. ಮಾದರಿಯ ತಪ್ಪು ಮೊದಲು ಕಾಣುವುದು ಸಾಮಾನ್ಯವಾಗಿ ತಂಡದ ಹಿರಿಯರಿಗಲ್ಲ, ದಿನಾ ಆ ಬಸ್ಸಲ್ಲಿ ಬರುವ ಹುಡುಗನಿಗೆ. ಅವನು ಬಾಯಿ ಬಿಡುವ ವಾತಾವರಣ ಇದೆಯೇ ಎಂಬುದೇ ಪ್ರಶ್ನೆ. ಅಜೈಲ್ ತಂಡಗಳು ದಿನಕ್ಕೆ 15 ನಿಮಿಷದ ಸಣ್ಣ ಸಭೆ, ಪ್ರತಿ ಸುತ್ತಿನ ಕೊನೆಗೆ ಹಿನ್ನೋಟದ ಸಭೆ ಇಟ್ಟುಕೊಂಡಿರುವುದು ಇದಕ್ಕೆ. ಹಿನ್ನೋಟದ ಬಗ್ಗೆ 2001ರಲ್ಲಿ ಪುಸ್ತಕ ಬರೆದ ನಾರ್ಮನ್ ಕೆರ್ತ್ ಒಂದು ಷರತ್ತು ಹಾಕುತ್ತಾರೆ: ಆ ಹೊತ್ತಿಗೆ ತಿಳಿದದ್ದರಲ್ಲಿ, ಕೈಯಲ್ಲಿದ್ದದ್ದರಲ್ಲಿ ಪ್ರತಿಯೊಬ್ಬರೂ ಆದಷ್ಟು ಚೆನ್ನಾಗಿಯೇ ಮಾಡಿದ್ದಾರೆ ಎಂದು ನಂಬಿ ಮಾತು ಶುರುಮಾಡಬೇಕು. ನಮ್ಮ ವಿಮರ್ಶಾ ಪಾಠದ ನಂತರದ ಚರ್ಚೆಗಳನ್ನು ನೆನೆಯಿರಿ. ಅಲ್ಲಿ ನಾವು ಶುರುಮಾಡುವುದು ಎಲ್ಲಿಂದ?

ವಾಸ್ತವವಾಗಿ ಇದು ಶಿಕ್ಷಕ ತರಬೇತಿಗೆ ಹೊಸದೇನಲ್ಲ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಸೂಕ್ಷ್ಮ ಬೋಧನೆ ಇದೇ ತಾನೆ. ನಾವು ಬಳಸುವ ಭಾರತೀಯ ಮಾದರಿಯಲ್ಲಿ 6 ನಿಮಿಷ ಬೋಧನೆ, 6 ಹಿಮ್ಮಾಹಿತಿ, 12 ಮರುಯೋಜನೆ, 6 ಮರುಬೋಧನೆ, 6 ಮತ್ತೆ ಹಿಮ್ಮಾಹಿತಿ: ಒಟ್ಟು 36 ನಿಮಿಷದ ಒಂದು ಸುತ್ತು. ಅದರಲ್ಲಿ ಅತಿ ಹೆಚ್ಚು ಸಮಯ ಮರುಯೋಜನೆಗೆ. ಆ ಸುತ್ತನ್ನು ಕಾಲೇಜಿನಲ್ಲಿ ಕಲಿಸುತ್ತೇವೆ; ಶಾಲೆಗೆ ಕಳಿಸುವಾಗ ಸಹಿ ಹಾಕಿದ ಯೋಜನೆಯಿಂದ ಕದಲಬೇಡಿ ಎನ್ನುತ್ತೇವೆ.

ಮರುದಿನ ಆ ಪ್ರಶಿಕ್ಷಣಾರ್ಥಿಯ ಜೊತೆ ಕೂತು ಮುಂದಿನ ಪಾಠವನ್ನು ಯೋಜಿಸಿದೆವು. ಪ್ರತಿ ಗುಂಪಿಗೆ ಒಂದು ಹಾಳೆ, ಪೆನ್ಸಿಲ್. ಐದು ನಿಮಿಷಕ್ಕೊಮ್ಮೆ ಪೆನ್ಸಿಲ್ ಕೈ ಬದಲಾಗಬೇಕು, ಜಾಣನೊಬ್ಬನೇ ಬರೆಯಬಾರದು. ಸುತ್ತಿಗೊಂದೇ ಹೊಸ ಅಗತ್ಯ. ಮೊದಲ ಸುತ್ತಿನಲ್ಲಿ ನಿಗಮಗಳಿಗೆ ಪ್ರತ್ಯೇಕ ಟೇಬಲ್ ಬಂತು, ಅದರಲ್ಲಿ ರಾಜ್ಯದ ಕಾಲಂ. ಎರಡನೆಯದು ಸೀಟಿನ ಪ್ರಶ್ನೆ: ಬೆಂಗಳೂರು ಬಸ್ಸಿನ 12ನೇ ಸೀಟಿನವರು ಹಾಸನದಲ್ಲಿ ಇಳಿದರೆ ಅಲ್ಲಿಂದ ಮುಂದೆ ಆ ಸೀಟು ಬುಕ್ ಆಗಿದೆಯೇ, ಖಾಲಿಯೇ? 'ಬುಕ್ ಆಗಿದೆ / ಇಲ್ಲ' ಎಂಬ ಕಾಲಂ ಇಲ್ಲಿ ಸೋಲುತ್ತದೆ. ಎರಡು ಗುಂಪು ಹಾಸನದವರೆಗೆ ಒಂದು ಸೀಟು, ಅಲ್ಲಿಂದ ಇನ್ನೊಂದು ಸೀಟು ಎಂದು ಬರೆದವು. ಬಸ್ಸಿನಲ್ಲಿ ಸೀಟುಗಳೇ ಹೆಚ್ಚಾದವು, ಎಲ್ಲರೂ ನಕ್ಕರು. ಮೂರನೇ ಗುಂಪಿನ ಹುಡುಗಿಯೊಬ್ಬಳು ನಿಲ್ದಾಣಗಳಿಗೆ ದಾರಿಯ ಕ್ರಮದಲ್ಲಿ 1, 2, 3 ಎಂದು ಸಂಖ್ಯೆ ಕೊಟ್ಟು, ಬುಕಿಂಗ್ ಸಾಲಿನಲ್ಲಿ ಹತ್ತುವ ಸಂಖ್ಯೆ, ಇಳಿಯುವ ಸಂಖ್ಯೆ ಬರೆದಳು. ಎರಡು ಬುಕಿಂಗ್‌ಗಳು ಒಂದರ ಮೇಲೊಂದು ಬೀಳದಿದ್ದರೆ ಸೀಟು ಇಬ್ಬರಿಗೂ ಸಿಗುತ್ತದೆ.

ಆ ದಿನವೂ ಮೌಲ್ಯಮಾಪನದ ಹಂತಕ್ಕೆ ಸಮಯ ಸಾಲಲಿಲ್ಲ. ಮೂರು ಹಾಳೆಗಳನ್ನೇ ಮೌಲ್ಯಮಾಪನ ಎಂದು ಪರಿಗಣಿಸಿ, 'ಯೋಜನೆಗೆ ಬದ್ಧತೆ' ಎಂಬುದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಯೋಜನೆ ತಿದ್ದಿದ ರೀತಿ' ಎಂದು ಬರೆದು ಅಂಕ ಕೊಟ್ಟೆ. ಹಳೆಯ ಕಲಂ ಇನ್ನೂ ಅಳಿಸಿಲ್ಲ. ಈ ವರ್ಷ ಎರಡೂ ಇರಲಿ ಎಂದು ಸಹೋದ್ಯೋಗಿಗಳಲ್ಲಿ ಕೇಳಿದ್ದೇನೆ.