ಮೋಟಾರಿನ ನಾಡಿ ಹಿಡಿಯುವ ಪುಟ್ಟ ಬುದ್ಧಿ

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ನೆಲಮಂಗಲದ ಕಡೆಗೆ ಸಾಗಿದರೆ ಮಾಕಳಿ ಸಿಗುತ್ತದೆ. ಈ ದಾರಿಯುದ್ದಕ್ಕೂ ದೊಡ್ಡ ಕಾರ್ಖಾನೆಗಳ ಜೊತೆಗೆ ಲೇತ್, ಪಂಪು, ಕಂಪ್ರೆಸರುಗಳನ್ನು ನೆಚ್ಚಿಕೊಂಡ ಸಣ್ಣ ಘಟಕಗಳೂ ಇವೆ. ಇವುಗಳನ್ನೆಲ್ಲ ತಿರುಗಿಸುವುದು ವಿದ್ಯುತ್ ಮೋಟಾರು. ಅದರ ಒಂದು ಬೇರಿಂಗ್ ಸವೆದು ಮೋಟಾರು ನಿಂತಿತೆಂದರೆ ಸಣ್ಣ ಘಟಕದಲ್ಲಿ ಆ ದಿನದ ಕೆಲಸವೂ ನಿಂತಂತೆಯೇ. ಅನುಭವಿ ಫಿಟರು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಸದ್ದಿನಿಂದಲೇ ದೋಷವನ್ನು ಗುರುತಿಸುತ್ತಾರೆ. ಈ ಕೌಶಲವನ್ನು ಅಗ್ಗದ ಒಂದು ಚಿಪ್‌ಗೆ ಕಲಿಸಲು ಸಾಧ್ಯವೇ?

ಕಂಪನದಲ್ಲಿ ಅಡಗಿರುವ ಸುದ್ದಿ

ನಾಲ್ಕು ಧ್ರುವಗಳ ಪ್ರೇರಣಾ ಮೋಟಾರನ್ನು ತೆಗೆದುಕೊಳ್ಳಿ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದರ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಹೊರೆ ಇದ್ದಾಗ ದಂಡವು ಸುಮಾರು 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಬೇರಿಂಗಿನೊಳಗಿನ ಗುಂಡುಗಳು ದಂಡದಷ್ಟು ವೇಗವಾಗಿ ಸುತ್ತುವುದಿಲ್ಲ; ಅವುಗಳ ಸುತ್ತಾಟ ದಂಡದ ವೇಗದ ಸುಮಾರು 0.4ರಷ್ಟು. ಬೇರಿಂಗಿನಲ್ಲಿ 9 ಗುಂಡುಗಳಿದ್ದು, ಹೊರ ಉಂಗುರದಲ್ಲಿ ಒಂದು ಸಣ್ಣ ಕುಳಿ ಬಿದ್ದಿದ್ದರೆ, ಪ್ರತಿ ಗುಂಡು ಅದರ ಮೇಲೆ ಹಾಯುವಾಗಲೂ ಒಂದು ತಟ್ಟು ಏಳುತ್ತದೆ. 9 × 0.4 × 24 = 86.4. ಸೆಕೆಂಡಿಗೆ ಸುಮಾರು 86 ತಟ್ಟುಗಳು! ಕುಳಿ ಒಳ ಉಂಗುರದಲ್ಲಿದ್ದರೆ 0.4ರ ಬದಲು 0.6 ಹಾಕಿ, ಸುಮಾರು 130 ಬರುತ್ತದೆ. ಹೀಗೆ ಕಂಪನದ ಆವೃತ್ತಿಯೇ ದೋಷ ಎಲ್ಲಿದೆ ಎಂಬುದನ್ನು ಸೂಚಿಸುತ್ತದೆ.

ದತ್ತಾಂಶದ ಹೊರೆ

ಕಂಪನವನ್ನು ಅಳೆಯುವ ಸಂವೇದಕ ಮೂರು ದಿಕ್ಕುಗಳಲ್ಲಿ ಸೆಕೆಂಡಿಗೆ 3000 ಸಲ ಅಳತೆ ಮಾಡಲಿ. ಪ್ರತಿ ಅಳತೆಗೆ 2 ಬೈಟ್ ಬೇಕು. ಸೆಕೆಂಡಿಗೆ 18,000 ಬೈಟ್ ಆಯಿತು; ದಿನಕ್ಕೆ ಸುಮಾರು 155 ಕೋಟಿ ಬೈಟ್. ಇದು ಒಂದೇ ಮೋಟಾರಿನ ಲೆಕ್ಕ. ಇಷ್ಟನ್ನೂ ದೂರದ ದೊಡ್ಡ ಗಣಕಕ್ಕೆ ಕಳುಹಿಸಿ ಉತ್ತರ ಪಡೆಯಬಹುದು. ಆದರೆ ಬ್ಯಾಟರಿಯಿಂದ ನಡೆಯುವ ಸಾಧನದಲ್ಲಿ ರೇಡಿಯೋ ಪ್ರಸಾರವೇ ಹೆಚ್ಚು ಶಕ್ತಿ ನುಂಗುವ ಕೆಲಸಗಳಲ್ಲಿ ಒಂದು. 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸಾಧನವು ಸರಾಸರಿ 20 ಮಿಲಿಆಂಪಿಯರ್ ಎಳೆದರೆ 100 ಗಂಟೆಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಬಹುಪಾಲು ಹೊತ್ತು ನಿದ್ರಿಸಿ, ಆಗಾಗ ಎಚ್ಚರಗೊಂಡು, ಸ್ಥಳದಲ್ಲೇ ತೀರ್ಮಾನಿಸಿ, ಸರಾಸರಿಯನ್ನು 0.1 ಮಿಲಿಆಂಪಿಯರಿಗೆ ಇಳಿಸಿದರೆ ಅದೇ ಬ್ಯಾಟರಿ ಲೆಕ್ಕದ ಪ್ರಕಾರ ಎರಡು ವರ್ಷ ದಾಟುತ್ತದೆ. ನಿಮಿಷಕ್ಕೊಮ್ಮೆ ಒಂದು ಬೈಟಿನ ಉತ್ತರ ಕಳುಹಿಸಿದರೂ ದಿನಕ್ಕೆ 1440 ಬೈಟ್ ಸಾಕು.

ಎರಡು ಕಿಲೋಬೈಟಿನಲ್ಲಿ ಬುದ್ಧಿ

ತೊಡಕು ಇರುವುದು ಇಲ್ಲಿಯೇ. ಶಾಲಾ ಪ್ರಯೋಗಗಳಲ್ಲಿ ಪರಿಚಿತವಾದ ಆರ್ಡುಯಿನೋ ಉನೋ ಹಲಗೆಯಲ್ಲಿರುವುದು 8 ಬಿಟ್‌ನ ಚಿಪ್. ಅದರ ವೇಗ 16 ಮೆಗಾಹರ್ಟ್ಸ್, ಕಾರ್ಯಸ್ಮೃತಿ ಕೇವಲ 2 ಕಿಲೋಬೈಟ್. ಒಂದು ಸೆಕೆಂಡಿನ ಕಂಪನದ ಅಳತೆಗಳನ್ನೂ ಅದು ಹಿಡಿದಿಡಲಾರದು. ಇದಕ್ಕೊಂದು ಉಪಾಯವಿದೆ. 1958ರಲ್ಲಿ ಗೋರ್ಟ್‌ಜೆಲ್ ಪ್ರಕಟಿಸಿದ ಗಣನವಿಧಾನದಲ್ಲಿ ಅಳತೆಗಳನ್ನು ಕೂಡಿಡಬೇಕಿಲ್ಲ. ಬೇಕಾದ ಆವೃತ್ತಿ ಒಂದೊಂದಕ್ಕೂ ಎರಡೇ ಸಂಖ್ಯೆಗಳನ್ನು ನೆನಪಿಟ್ಟು, ಅಳತೆ ಬಂದಂತೆಲ್ಲ ಅವುಗಳನ್ನು ತಿದ್ದುತ್ತ ಹೋದರೆ ಆ ಆವೃತ್ತಿಯ ಬಲ ತಿಳಿಯುತ್ತದೆ.

ಹೀಗೆ ದೊರೆತ ಕೆಲವೇ ಸಂಖ್ಯೆಗಳನ್ನು ನೋಡಿ ‘ಸರಿ’ ಅಥವಾ ‘ದೋಷ’ ಎನ್ನಬೇಕಲ್ಲ? ಅದಕ್ಕೂ ಚಿಪ್‌ನಲ್ಲಿ ಹಿಡಿಸುವ ಬುದ್ಧಿ ಬೇಕು. ಆಶಿಶ್ ಕುಮಾರ್, ಸೌರಭ್ ಗೋಯಲ್ ಮತ್ತು ಮಾಣಿಕ್ ವರ್ಮಾ 2017ರಲ್ಲಿ ‘ಬೋನ್ಸಾಯ್’ ಎಂಬ ವಿಧಾನವನ್ನು ಪ್ರಕಟಿಸಿದರು. ಕುಂಡದ ಕುಬ್ಜ ಮರದ ಹೆಸರು ಇದಕ್ಕೆ ಒಪ್ಪುತ್ತದೆ. ತೀರ್ಮಾನದ ಮರವೆಂದರೆ ಪ್ರಶ್ನೆಗಳ ಸರಣಿ. ಪ್ರತಿ ಗೆಣ್ಣಿನಲ್ಲೂ ಉತ್ತರಕ್ಕೆ ತಕ್ಕ ಕವಲು ಹಿಡಿಯಬೇಕು. ರೂಢಿಯ ಹಲವು ವಿಧಾನಗಳು ಇಂಥ ನೂರಾರು ಮರಗಳನ್ನು ಬೆಳೆಸುತ್ತವೆ. ಬೋನ್ಸಾಯ್ ಒಂದೇ ಗಿಡ್ಡ ಮರವನ್ನು ಬೆಳೆಸಿ, ಪ್ರತಿ ಗೆಣ್ಣನ್ನೂ ಬಲಪಡಿಸುತ್ತದೆ: ದಾರಿಯ ಎಲ್ಲ ಗೆಣ್ಣುಗಳೂ ಅಂತಿಮ ಉತ್ತರಕ್ಕೆ ತಮ್ಮ ಪಾಲು ಕೂಡಿಸುತ್ತವೆ. ಜೊತೆಗೆ, ಬಹುತೇಕ ಸೊನ್ನೆಗಳೇ ತುಂಬಿದ ಮಾತೃಕೆಯಿಂದ ಗುಣಿಸಿ ದತ್ತಾಂಶವನ್ನು ಮೊದಲೇ ಕುಗ್ಗಿಸುತ್ತದೆ. ಸೊನ್ನೆಗಳನ್ನು ಸಂಗ್ರಹಿಸಬೇಕಿಲ್ಲ, ಗುಣಿಸಬೇಕೂ ಇಲ್ಲ. ಕಲಿಕೆಯೆಲ್ಲ ದೊಡ್ಡ ಗಣಕದಲ್ಲಿ. ಚಿಪ್‌ಗೆ ಇಳಿಯುವುದು ಕಲಿತದ್ದರ ಸಾರ ಮಾತ್ರ. ಬೋನ್ಸಾಯ್ ಮೋಟಾರಿಗೆಂದೇ ಹುಟ್ಟಿದ್ದಲ್ಲ. ಇಂಥ ಅನೇಕ ಕೆಲಸಗಳಿಗೆ ಒದಗುವ ಸಾಮಾನ್ಯ ವಿಧಾನ.

ಸ್ಮೃತಿಯಲ್ಲೇ ಗುಣಾಕಾರ

ಲೆಕ್ಕಾಚಾರದಲ್ಲಿ ಶಕ್ತಿ ವ್ಯಯವಾಗುವುದು ಗುಣಾಕಾರಕ್ಕಷ್ಟೇ ಅಲ್ಲ. ಸ್ಮೃತಿಗೂ ಸಂಸ್ಕಾರಕಕ್ಕೂ ನಡುವೆ ಸಂಖ್ಯೆಗಳನ್ನು ಸಾಗಿಸುವುದಕ್ಕೂ ಬಹಳ ಬೇಕು. ಸ್ಮೃತಿಯಲ್ಲೇ ಗುಣಿಸಿದರೆ? ಒಂದು ಘಟಕದ ವಿದ್ಯುದ್ವಾಹಕತೆಯನ್ನು ಒಂದು ಸಂಖ್ಯೆಯಾಗಿ, ಅದಕ್ಕೆ ಕೊಡುವ ವೋಲ್ಟೇಜನ್ನು ಇನ್ನೊಂದು ಸಂಖ್ಯೆಯಾಗಿ ಭಾವಿಸಿ. ಓಮ್ ನಿಯಮದಂತೆ ಹರಿಯುವ ಪ್ರವಾಹವೇ ಅವುಗಳ ಗುಣಲಬ್ಧ. ಒಂದೇ ತಂತಿಗೆ ಸೇರುವ ಪ್ರವಾಹಗಳು ಕಿರ್ಚಾಫ್ ನಿಯಮದಂತೆ ತಾವಾಗಿಯೇ ಕೂಡಿಕೊಳ್ಳುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ ಸುಮಾರು 16,500 ವಾಹಕತಾ ಮಟ್ಟಗಳಿರುವ ಆಣ್ವಿಕ ಪದರದ ಸಾಧನವನ್ನು 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು. ಸಾಮಾನ್ಯ ಬಿಟ್‌ಗೆ ಇರುವುದು ಎರಡೇ ಮಟ್ಟ ಎಂಬುದನ್ನು ನೆನೆಯಿರಿ.

ಶೇಕಡಾ 99ರ ಮೋಸ

ಸಾಧನವೊಂದು ‘ಶೇಕಡಾ 99 ನಿಖರ’ ಎಂದರೆ ಕೂಡಲೇ ನಂಬಬೇಡಿ. 1000 ತಪಾಸಣೆಗಳಲ್ಲಿ 10 ಮಾತ್ರ ದೋಷದವು ಎನ್ನಿ. ಏನನ್ನೂ ನೋಡದೆ ಪ್ರತಿ ಸಲವೂ ‘ಸರಿ’ ಎನ್ನುವ ಸಾಧನವೂ 990 ಸಲ ಸರಿಯಾಗಿರುತ್ತದೆ. ಆದರೆ ಹಿಡಿಯಬೇಕಿದ್ದ ಹತ್ತನ್ನೂ ಬಿಟ್ಟಿರುತ್ತದೆ! ಆದ್ದರಿಂದ ಎಷ್ಟು ದೋಷ ಹಿಡಿಯಿತು, ಎಷ್ಟು ಸುಳ್ಳು ಎಚ್ಚರಿಕೆ ಕೊಟ್ಟಿತು ಎಂದು ಬೇರೆಬೇರೆಯಾಗಿ ಕೇಳಬೇಕು. ಪದೇಪದೇ ಸುಳ್ಳು ಕೂಗುವ ಸಾಧನವನ್ನು ಕೆಲಸಗಾರರು ಕಿತ್ತಿಡುತ್ತಾರೆ. ಒಂದು ಮೋಟಾರಿನಲ್ಲಿ ಕಲಿತದ್ದು ಬೇರೆ ಅಡಿಪಾಯದ, ಬೇರೆ ಹೊರೆಯ ಮೋಟಾರಿಗೆ ಹೊಂದದೆಯೂ ಹೋಗಬಹುದು. ಅಲ್ಲಿ ಫಿಟರ ಕಿವಿಯೇ ಮತ್ತೆ ಗುರುವಾಗಬೇಕು: ಯಾವ ಕಂಪನ ದೋಷದ್ದು ಎಂದು ಗುರುತಿಸಿ ಹೇಳುವವರಿಲ್ಲದೆ ಚಿಪ್ ಕಲಿಯುವುದಾದರೂ ಏನನ್ನು?

ಅಧ್ಯಾಪಕರು ಮೇಲಿನ ಲೆಕ್ಕವನ್ನೇ ತರಗತಿಯಲ್ಲಿ ಮುಂದುವರಿಸಬಹುದು. ಗುಂಡುಗಳು 8 ಆದರೆ ತಟ್ಟುಗಳೆಷ್ಟು? ಮೋಟಾರಿಗೆ ಎರಡೇ ಧ್ರುವಗಳಿದ್ದರೆ? ಸೆಕೆಂಡಿಗೆ 100 ಸಲ ಮಾತ್ರ ಅಳೆದರೆ 86 ಹರ್ಟ್ಸ್‌ನ ತಟ್ಟು ಸರಿಯಾಗಿ ಕಾಣುವುದೇ? ಕೊನೆಯ ಪ್ರಶ್ನೆಗೆ ಕಾಗದದ ಮೇಲೆ ಅಲೆ ಬರೆದು ಉತ್ತರ ಹುಡುಕಿ.